ಮೂರು ವರ್ಷ, ಏಳು ಭೇಟಿ: ಮಗಳನ್ನು ಜೀನ್ ಸಂಶೋಧನಾ ಕ್ಲಿನಿಕ್‌ಗೆ ಸೇರಿಸಿದ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಅಪರೂಪದ ಜೀನ್ ಕಾಯಿಲೆ ಇರುವ ಮಕ್ಕಳು ಹೇಗೆ ಬೆಳೆಯುತ್ತಾರೆ ಅಂತ ವರ್ಷಗಟ್ಟಲೆ ನೋಡುವ ಅಧ್ಯಯನಕ್ಕೆ ಮಗುವನ್ನು ಸೇರಿಸಬಹುದಾ ಅಂತ ಯಾರಾದರೂ ಕೇಳಿದರೆ, ಸೇರಿಸಿ ಅಂತಲೇ ನನ್ನ ಉತ್ತರ. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಡಿಮೆ ಮಾಡಿದ್ದು ಅವರು ಮಕ್ಕಳನ್ನು ಅಳೆಯುವ ರೀತಿಗೆ. ಅದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ಹೊಸದಾಗಿ ಸೇರುವವರು ಮೊದಲೇ ಕೇಳಿ ತಿಳಿದುಕೊಳ್ಳಬೇಕಾದ ಮುಖ್ಯ ವಿಷಯ ಅದೇ, ನಮಗೆ ಅದನ್ನು ಯಾರೂ ಹೇಳಿರಲಿಲ್ಲ.

ಕ್ಲಿನಿಕ್ ಹೆಸರು ಬರೆಯುತ್ತಿಲ್ಲ. ಅಪರೂಪದ ಕಾಯಿಲೆ ಅಂದಮೇಲೆ ಬರುವ ಮನೆಗಳೇ ಕಡಿಮೆ. ಹೆಸರು ಹಾಕಿದರೆ ಯಾವ ಮಗು, ಯಾವ ಸಿಸ್ಟರ್ ಅಂತ ಗುರುತು ಸಿಕ್ಕಿಬಿಡುತ್ತದೆ.

ಪುಟ್ಟಿಗೆ ಈಗ ಎಂಟು ವರ್ಷ. ಸಿನ್‌ಗ್ಯಾಪ್-1 ಅನ್ನುವ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದೆ. ಮಾತು ಬಂದಿಲ್ಲ. ಆಟಿಸಂ ಇದೆ, ಫಿಟ್ಸ್ ಇದೆ, ರಾತ್ರಿ ಎರಡಕ್ಕೆ ಎದ್ದರೆ ಮತ್ತೆ ಮಲಗುವುದಿಲ್ಲ. ಒಂದೂವರೆ ವರ್ಷ ಆದರೂ ನಡೆಯುತ್ತಿಲ್ಲವಲ್ಲ ಅಂತ ಶುರುವಾದ ಓಡಾಟ, ಜೀನ್ ರಿಪೋರ್ಟ್ ಕೈಗೆ ಬರುವ ಹೊತ್ತಿಗೆ ಅವಳಿಗೆ ನಾಲ್ಕೂ ಮುಕ್ಕಾಲು ವರ್ಷ ಆಗಿತ್ತು. ಆ ಮೂರು ವರ್ಷದಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಕೆಲವು ಮಕ್ಕಳು ನಿಧಾನ. ಹೆರಿಗೆಯಲ್ಲಿ ಏನೋ ಆಗಿರಬೇಕು. ಮೊಬೈಲ್ ತೋರಿಸಬೇಡಿ. ತೋರಿಸಿರಲೇ ಇಲ್ಲ.

ಕೊನೆಗೆ ಒಬ್ಬ ನ್ಯೂರಾಲಜಿಸ್ಟ್ ಎಕ್ಸೋಮ್ ಟೆಸ್ಟ್ ಬರೆದುಕೊಟ್ಟರು, ಜೀನ್‌ಗಳಲ್ಲಿ ಪ್ರೋಟೀನ್ ಮಾಡುವ ಭಾಗಗಳನ್ನೆಲ್ಲ ಓದುವ ಟೆಸ್ಟ್ ಅದು. ಅವಳದ್ದು, ನನ್ನದು, ಅವಳಪ್ಪನದ್ದು, ಮೂವರ ರಕ್ತವನ್ನೂ ಒಟ್ಟಿಗೆ ಓದುವ ಟೆಸ್ಟ್. ಸಾಧ್ಯ ಇದ್ದರೆ ಮೂವರದ್ದನ್ನೂ ಕೊಡಿ. ಮಗುವಿನಲ್ಲಿ ಕಂಡ ಬದಲಾವಣೆ ಅಪ್ಪ ಅಮ್ಮನಲ್ಲಿ ಇದೆಯೋ ಇಲ್ಲವೋ ಅನ್ನುವುದು ಗೊತ್ತಾದರೆ ರಿಪೋರ್ಟ್ ಓದುವವರ ಕೆಲಸ ಎಷ್ಟೋ ಹಗುರ. ನಮ್ಮಿಬ್ಬರಲ್ಲೂ ಇರಲಿಲ್ಲ. ಜೆನೆಟಿಕ್ ಕೌನ್ಸೆಲರ್ ನಮ್ಮನ್ನು ಕೂರಿಸಿಕೊಂಡು, ರಿಪೋರ್ಟ್ ತೆರೆಯುವ ಮೊದಲೇ ಹೇಳಿದರು: "ನೋಡಿಮ್ಮಾ, ಇದು ನಿಮ್ಮಿಂದ ಬಂದಿದ್ದಲ್ಲ, ಅವರಿಂದಲೂ ಬಂದಿದ್ದಲ್ಲ. ಅವಳಲ್ಲೇ ಹೊಸದಾಗಿ ಆಗಿದೆ. ಬಸುರಿಯಲ್ಲಿ ನೀವು ಏನು ಮಾಡಿದ್ರಿ, ಏನು ಬಿಟ್ರಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ." ಅವಳಪ್ಪ ಎದ್ದು ಕಿಟಕಿ ಹತ್ತಿರ ಹೋಗಿ ನಿಂತರು. ನಾನು ಅಲ್ಲೇ ಅತ್ತೆ. ನಾಲ್ಕು ವರ್ಷದಿಂದ ನನ್ನನ್ನೇ ಬೈದುಕೊಂಡಿದ್ದೆ. ಮುಂದಿನ ಮಗುವಿಗೂ ಬರಬಹುದಾ ಅಂತ ಕೇಳಿದ್ದಕ್ಕೆ, ಸುಮಾರು ನೂರಕ್ಕೆ ಒಂದು ಸಾಧ್ಯತೆ ಅಂತ ಲೆಕ್ಕ ಇಟ್ಟುಕೊಳ್ಳಿ ಅಂದರು. ಅಪ್ಪ ಅಮ್ಮನ ರಕ್ತದಲ್ಲಿ ಕಾಣದಿದ್ದರೂ ಅಂಡಾಣು, ವೀರ್ಯಾಣುಗಳಲ್ಲಿ ಕೆಲವದರಲ್ಲಿ ಮಾತ್ರ ಆ ಬದಲಾವಣೆ ಇರಬಹುದಂತೆ, ಅದಕ್ಕೆ ಸೊನ್ನೆ ಅಂತ ಯಾರೂ ಹೇಳುವುದಿಲ್ಲ.

ಈ ಜೀನ್ ಮಾಡುವ ಪ್ರೋಟೀನ್ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಜಾಗದಲ್ಲಿ ಬ್ರೇಕ್ ಥರ ಕೆಲಸ ಮಾಡುತ್ತದೆ. ಒಂದು ಪ್ರತಿ ಕೆಟ್ಟರೆ ಪ್ರೋಟೀನ್ ಅರ್ಧಕ್ಕೆ ಇಳಿಯುತ್ತದೆ, ಬ್ರೇಕ್ ಸಾಲದೆ ಕೋಶಗಳು ಜಾಸ್ತಿ ಕೆರಳುತ್ತವೆ. ಪ್ರೋಟೀನ್ ಗೊತ್ತಾಗಿದ್ದು 1998ರಲ್ಲಿ. ಮಕ್ಕಳ ಬುದ್ಧಿ ಬೆಳವಣಿಗೆಯ ತೊಂದರೆಗೆ ಇದೇ ಜೀನ್ ಕಾರಣ ಅಂತ ಮೊದಲು ತೋರಿಸಿದ್ದು 2009ರಲ್ಲಿ. ಅಂದರೆ ನನ್ನ ಮಗಳ ಕಾಯಿಲೆಗೆ ಹೆಸರು ಬಂದು ಇನ್ನೂ ಎರಡು ದಶಕ ಕೂಡ ಆಗಿಲ್ಲ. ಎಷ್ಟೋ ಡಾಕ್ಟರುಗಳು ಓದುವಾಗ ಇದು ಪುಸ್ತಕದಲ್ಲೇ ಇರಲಿಲ್ಲ. ಇದು ತಿಳಿದ ಮೇಲೆ ನನಗೆ ಹಿಂದಿನ ಡಾಕ್ಟರುಗಳ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು.

ಈಗ ಅಧ್ಯಯನದ ವಿಷಯ. ಇದಕ್ಕೆ ನ್ಯಾಚುರಲ್ ಹಿಸ್ಟರಿ ಸ್ಟಡಿ ಅನ್ನುತ್ತಾರೆ. ಇಲ್ಲಿ ಹೊಸ ಔಷಧ ಏನೂ ಕೊಡುವುದಿಲ್ಲ. ಆರು ತಿಂಗಳಿಗೊಮ್ಮೆ ಮಗುವನ್ನು ಕರೆದುಕೊಂಡು ಹೋಗಬೇಕು, ಅವರು ನೋಡುತ್ತಾರೆ, ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಇಇಜಿ (ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವುದು) ಮಾಡುತ್ತಾರೆ, ರಕ್ತ ತೆಗೆದುಕೊಳ್ಳುತ್ತಾರೆ. ಅಷ್ಟೇ. ಕೇಳಿದವರೆಲ್ಲ, "ಔಷಧ ಕೊಡಲ್ಲ ಅಂದ್ರೆ ಸುಮ್ನೆ ಯಾಕೆ ಮಗೂನ ಎಳ್ಕೊಂಡು ಹೋಗ್ತೀರಿ" ಅಂದರು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಯೋಚನೆ ಮಾಡಿ. ನಾಳೆ ಒಂದು ಔಷಧ ಬಂತು ಅಂತ ಇಟ್ಟುಕೊಳ್ಳೋಣ. ಅದನ್ನು ಕೊಟ್ಟು ಒಂದು ವರ್ಷದಲ್ಲಿ ಮಗು ಹತ್ತು ಹೆಜ್ಜೆ ಜಾಸ್ತಿ ನಡೆಯಿತು. ಅದು ಔಷಧದಿಂದಲೋ, ಔಷಧ ಇಲ್ಲದಿದ್ದರೂ ಈ ವಯಸ್ಸಿಗೆ ಅಷ್ಟು ನಡೆಯುತ್ತಿತ್ತೋ? ಈ ಕಾಯಿಲೆಯ ಮಕ್ಕಳು ತಮ್ಮಷ್ಟಕ್ಕೆ ಹೇಗೆ ಬೆಳೆಯುತ್ತಾರೆ ಅಂತ ಯಾರೋ ಮೊದಲೇ ವರ್ಷಗಟ್ಟಲೆ ಕೂತು ಬರೆದಿಟ್ಟಿದ್ದರೆ ಮಾತ್ರ ಅದು ಗೊತ್ತಾಗುತ್ತದೆ. ರೆಟ್ ಸಿಂಡ್ರೋಮ್ ಅನ್ನುವ ಇನ್ನೊಂದು ಜೀನ್ ಕಾಯಿಲೆಯಲ್ಲಿ ಜೀನ್ ಸಿಕ್ಕಿದ್ದು 1999ರಲ್ಲಿ, ಅಮೆರಿಕದಲ್ಲಿ ಆ ಮಕ್ಕಳ ನ್ಯಾಚುರಲ್ ಹಿಸ್ಟರಿ ಬರೆಯಲು ಶುರುಮಾಡಿದ್ದು 2006ರಲ್ಲಿ, ಅಲ್ಲಿ ಮೊದಲ ಔಷಧ ಟ್ರೋಫಿನೆಟೈಡ್‌ಗೆ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ನಡುವೆ ಇಷ್ಟು ವರ್ಷ ಸಾವಿರಾರು ಸಲ ಅಪ್ಪ ಅಮ್ಮಂದಿರು ಇದೇ ಥರ ಮಕ್ಕಳನ್ನು ಎತ್ತಿಕೊಂಡು ಕ್ಲಿನಿಕ್‌ಗೆ ಹೋಗಿದ್ದಾರೆ. ಅವರ ಎಷ್ಟೋ ಮಕ್ಕಳು ಅಷ್ಟೊತ್ತಿಗೆ ದೊಡ್ಡವರಾಗಿರಬೇಕು. ಇದನ್ನು ನೆನೆಸಿಕೊಂಡೇ ನಾನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ.

ಮೊದಲ ಭೇಟಿ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ. ಹಿಂದಿನ ರಾತ್ರಿ ಅವಳನ್ನು ಕಡಿಮೆ ಮಲಗಿಸಬೇಕು ಅಂದಿದ್ದರು, ಇಇಜಿಯಲ್ಲಿ ನಿದ್ದೆಯ ಭಾಗ ಸಿಗಲಿ ಅಂತ. ನಿದ್ದೆಗೆಟ್ಟ ಆಟಿಸಂ ಮಗುವಿನ ತಲೆಗೆ ಇಪ್ಪತ್ತೊಂದು ತಂತಿ ಅಂಟಿಸುವುದು ಹೇಗಿರುತ್ತದೆ ಅಂತ ಗೊತ್ತಿರುವವರಿಗೆ ಗೊತ್ತು. ಇಲ್ಲಿನ ಟೆಕ್ನಿಷಿಯನ್ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಲೇಬೇಕು. ಅವರು ಮೊದಲು ಟೇಪನ್ನು ಪುಟ್ಟಿಯ ಕೈಗೇ ಕೊಟ್ಟರು. ಅವಳು ಅದನ್ನು ಎಳೆದಳು, ಬಿಟ್ಟಳು, ಎಳೆದಳು. ಆಮೇಲೆ ನನ್ನ ತಲೆ ಅಳೆದರು, ಆಮೇಲೆ ಅವಳ ಗೊಂಬೆಯ ತಲೆ, ಕೊನೆಗೆ ಅವಳದ್ದು. ಬೈತಲೆ ತೆಗೆದು ಕೆಂಪು ಪೆನ್ಸಿಲ್‌ನಲ್ಲಿ ಗುರುತು ಹಾಕುವಾಗ ಪ್ರತಿ ಸಲ "ಇಲ್ಲೊಂದು ಚುಕ್ಕಿ" ಅಂತ ಒಂದೇ ರಾಗದಲ್ಲಿ ಹೇಳುತ್ತಿದ್ದರು. ಹತ್ತನೆಯ ಚುಕ್ಕಿಗೆ ಅವಳೇ ತಲೆ ಮುಂದಕ್ಕೆ ಬಾಗಿಸಿದಳು. ಬೇರೆ ಕಡೆ ನಾವು ಮೂವರು ಸೇರಿ ಅವಳನ್ನು ಒತ್ತಿ ಹಿಡಿದಿದ್ದೇವೆ. ಹಾಗೆ ಮಾಡದೆಯೂ ಆಗುತ್ತದೆ ಅಂತ ಅವತ್ತು ಕಂಡೆ.

ಅವತ್ತೇ ಸಿಸ್ಟರ್ ಕೇಳಿದ ಪ್ರಶ್ನೆಯೊಂದಕ್ಕೆ ನಾನು ಇಡೀ ಮೂರು ವರ್ಷದ ಓಡಾಟವನ್ನೇ ಬರೆದುಕೊಟ್ಟುಬಿಡುತ್ತೇನೆ. ತಂತಿ ಅಂಟಿಸಿ ಆದಮೇಲೆ ಸುಮ್ಮನೆ ಮಾತಾಡುವ ಥರ ಕೇಳಿದರು: "ಅಮ್ಮಾ, ಊಟ ಮಾಡುವಾಗ ಇವಳ ಕಣ್ಣು ಹೇಗಿರುತ್ತೆ?"

ನನಗೆ ಅರ್ಥ ಆಗಲಿಲ್ಲ. "ಊಟಕ್ಕೆ ತುಂಬಾ ಹಟ ಸಿಸ್ಟರ್. ಬಾಯಲ್ಲಿಟ್ಕೊಂಡು ಹಾಗೇ ಕೂತಿರ್ತಾಳೆ, ನುಂಗೋದೇ ಇಲ್ಲ" ಅಂದೆ.

"ಡಬ್ಬಿ ತಂದಿದ್ದೀರಲ್ಲ, ಈಗಲೇ ತಿನ್ನಿಸಿ. ಕ್ಯಾಮೆರಾ ಆನ್ ಇದೆ."

ಒಂದು ತುತ್ತು ಹಾಕಿದೆ. ಎರಡು ಸಲ ಅಗಿದಳು. ಮೂರನೆಯ ಸಲ ದವಡೆ ನಿಂತಿತು. ರೆಪ್ಪೆ ಪಟಪಟ ಅಂತ ಬಡಿದವು, ಕಣ್ಣುಗುಡ್ಡೆ ಸ್ವಲ್ಪ ಮೇಲಕ್ಕೆ ಹೋಯಿತು, ಗದ್ದ ಒಂದು ಬೆರಳಿನಷ್ಟು ಎದೆಯ ಕಡೆ ಇಳಿಯಿತು. ಆ ಹೊತ್ತಿಗೆ ತೆರೆಯ ಮೇಲಿನ ಗೆರೆಗಳೆಲ್ಲ ಒಟ್ಟಿಗೆ ಚೂಪಾಗಿ ಎದ್ದು ಬಿದ್ದವು. ಎರಡು ಮೂರು ಸೆಕೆಂಡ್ ಅಷ್ಟೇ. ಗೆರೆ ಮತ್ತೆ ಸಮ ಆಯಿತು, ಅವಳು ಮತ್ತೆ ಅಗಿಯಲು ಶುರುಮಾಡಿದಳು. ಸಿಸ್ಟರ್ ಬಟನ್ ಒತ್ತಿ ಸಮಯ ಬರೆದುಕೊಂಡರು. ಇಪ್ಪತ್ತು ನಿಮಿಷದ ಊಟದಲ್ಲಿ ಹನ್ನೊಂದು ಸಲ ಬರೆದುಕೊಂಡರು.

ಎರಡು ವರ್ಷದಿಂದ ನಾವು ಅವಳಿಗೆ "ಬೇಗ ನುಂಗು, ಬೇಗ ನುಂಗು" ಅಂತ ಗದರುತ್ತಿದ್ದೆವು. ಅದು ಫಿಟ್ಸ್.

ಈ ಜೀನ್‌ನ ಮಕ್ಕಳಲ್ಲಿ ಇದು ಗೊತ್ತಿರುವ ಲಕ್ಷಣವೇ. 2019ರಲ್ಲಿ 57 ಜನರನ್ನು ಸೇರಿಸಿ ಬರೆದ ಒಂದು ವರದಿಯಲ್ಲಿ ಸುಮಾರು ಕಾಲು ಭಾಗದವರಿಗೆ ತಿನ್ನುವಾಗ ಫಿಟ್ಸ್ ಬರುತ್ತಿತ್ತು, ರೆಪ್ಪೆ ಬಡಿಯುವ ಫಿಟ್ಸ್ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಇತ್ತು. ಅದನ್ನು ಓದಿಕೊಂಡಿದ್ದಕ್ಕೇ ಸಿಸ್ಟರ್ ಆ ಪ್ರಶ್ನೆ ಕೇಳಿದ್ದು. ಈಗ ಹೇಳಿ, ಔಷಧ ಕೊಡದ ಅಧ್ಯಯನದಿಂದ ಲಾಭ ಇಲ್ಲ ಅನ್ನಬಹುದಾ? ಅವರು ನೇರವಾಗಿ ಚಿಕಿತ್ಸೆ ಬದಲಿಸಲಿಲ್ಲ, ಅದು ನಿಯಮ. ನಮ್ಮ ನ್ಯೂರಾಲಜಿಸ್ಟ್‌ಗೆ ಪತ್ರ ಬರೆದರು, ವಿಡಿಯೊ ಕಳಿಸಿದರು. ಅವರು ಮಾತ್ರೆ ಬದಲಾಯಿಸಿದ ಮೇಲೆ ಊಟದ ಹೊತ್ತಿನ ಫಿಟ್ಸ್ ಪೂರ್ತಿ ನಿಂತಿಲ್ಲ, ಕಡಿಮೆ ಆಗಿದೆ. ತುತ್ತು ಚಿಕ್ಕದು ಮಾಡಿದ್ದೇವೆ, ಗಂಟಲಿಗೆ ಸಿಕ್ಕಿಕೊಳ್ಳಬಾರದು ಅಂತ ಪಕ್ಕದಲ್ಲೇ ಕೂರುತ್ತೇವೆ. ಗದರುವುದು ನಿಂತಿದೆ.

ಫಾರಂಗಳಲ್ಲೂ ಇಂಥ ಪ್ರಶ್ನೆಗಳಿದ್ದವು. ಬಿದ್ದರೆ ಅಳುತ್ತಾಳಾ? ನೋವು ಗೊತ್ತಾಗುತ್ತದಾ? ಒಮ್ಮೆ ಅವಳ ಕಿರುಬೆರಳು ಮುರಿದು ಊದಿಕೊಂಡ ಮೇಲೇ ನಮಗೆ ಗೊತ್ತಾಗಿದ್ದು, ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಈ ಜೀನ್‌ನ ಸುಮಾರು ಮಕ್ಕಳಿಗೆ ಹಾಗಂತೆ. ನಮ್ಮ ಮನೆಯಲ್ಲಿ ಮಾತ್ರ ಹೀಗೆ ಅಂದುಕೊಂಡಿದ್ದ ವಿಷಯ ಅಚ್ಚಾದ ಫಾರಂನಲ್ಲಿ ಪ್ರಶ್ನೆಯಾಗಿ ಕಂಡಾಗ ಒಂಥರಾ ಧೈರ್ಯ ಬರುತ್ತದೆ.

ಇನ್ನು ಆ ಒಂದು ಸ್ಟಾರ್.

ಪ್ರತಿ ಭೇಟಿಯಲ್ಲೂ ವೈನ್‌ಲ್ಯಾಂಡ್ ಅನ್ನುವ ಪ್ರಶ್ನಾವಳಿ ಇರುತ್ತದೆ. ಮಗು ದಿನನಿತ್ಯ ಏನೇನು ಮಾಡುತ್ತದೆ ಅಂತ ಕೇಳಿ ಅಂಕ ಹಾಕುತ್ತಾರೆ. ಅದೇ ವಯಸ್ಸಿನ ಎಲ್ಲ ಮಕ್ಕಳ ಸರಾಸರಿಯನ್ನು 100 ಅಂತ ಇಟ್ಟುಕೊಂಡಿರುತ್ತಾರೆ. ಮೊದಲ ಭೇಟಿಯಲ್ಲಿ ಪುಟ್ಟಿಗೆ 54. ಎರಡು ವರ್ಷ ಆದಮೇಲೆ 49. ಆ ಕಾಗದ ನೋಡಿ ನನ್ನ ಎದೆ ಧಸಕ್ ಅಂದಿತು. ಮಗಳು ಹಿಂದಕ್ಕೆ ಹೋಗುತ್ತಿದ್ದಾಳೆ, ಮಿದುಳು ಸವೆಯುವ ಯಾವುದೋ ಕಾಯಿಲೆ ಇದು ಅಂತ ಒಂದು ವಾರ ನಿದ್ದೆ ಮಾಡಲಿಲ್ಲ.

ಆ ಎರಡು ವರ್ಷದಲ್ಲಿ ಅವಳು ಏನು ಕಲಿತಿದ್ದಳು ಗೊತ್ತಾ? ಮೊದಲು ಹೊರಗೆ ಹೋಗಬೇಕು ಅನ್ನಿಸಿದರೆ ಬಾಗಿಲ ಮುಂದೆ ಬಿದ್ದು ಕಿರುಚುತ್ತಿದ್ದಳು, ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಿದ್ದಳು. ಈಗ ನನ್ನ ಹತ್ತಿರ ಬರುತ್ತಾಳೆ, ಮಣಿಕಟ್ಟು ಹಿಡಿಯುತ್ತಾಳೆ, ಎಳೆದುಕೊಂಡು ಹೋಗಿ ನನ್ನ ಅಂಗೈಯನ್ನು ಬಾಗಿಲ ಹಿಡಿಕೆಯ ಮೇಲೆ ಇಡುತ್ತಾಳೆ, ಆಮೇಲೆ ನನ್ನ ಮುಖ ನೋಡುತ್ತಾಳೆ. ಮುಖ ನೋಡುತ್ತಾಳೆ! ಇದಕ್ಕೆ ನಾವು ಹದಿನಾಲ್ಕು ತಿಂಗಳು ಥೆರಪಿ ಮಾಡಿದ್ದೇವೆ. ಪ್ರಶ್ನಾವಳಿಯಲ್ಲಿ ಇದಕ್ಕೆ ಸರಿಹೊಂದುವ ಸಾಲು ನನಗೆ ಸಿಗಲಿಲ್ಲ. ಇಂತಿಷ್ಟು ಪದ ಹೇಳುತ್ತಾಳಾ, ಇಲ್ಲ. ತನ್ನ ಹೆಸರು ಹೇಳುತ್ತಾಳಾ, ಇಲ್ಲ. ಇಲ್ಲ, ಇಲ್ಲ, ಇಲ್ಲ ಅಂತ ಪುಟಗಟ್ಟಲೆ ಹೇಳಿಕೊಂಡು ಹೋಗುವುದು ಅಮ್ಮನಾದವಳಿಗೆ ಬಹಳ ಕಷ್ಟ, ಇದನ್ನು ಕೇಳುವವರು ಸ್ವಲ್ಪ ನೆನಪಲ್ಲಿಟ್ಟುಕೊಳ್ಳಬೇಕು.

ಒಂದು ವಾರ ಆದಮೇಲೆ ನಾನೇ ಫೋನ್ ಮಾಡಿದೆ. ಅಧ್ಯಯನದ ಕೆಲಸ ನೋಡಿಕೊಳ್ಳುವ ಕೋಆರ್ಡಿನೇಟರ್ ಸಮಾಧಾನವಾಗಿ ಬಿಡಿಸಿ ಹೇಳಿದರು. ಈ 54, 49 ಅನ್ನುವುದು ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸಿದ ಅಂಕ. ಅವರು ಓಡುತ್ತಿದ್ದಾರೆ, ಪುಟ್ಟಿ ನಡೆಯುತ್ತಿದ್ದಾಳೆ, ನಡುವಿನ ದೂರ ಜಾಸ್ತಿ ಆದರೆ ಅಂಕ ಇಳಿಯುತ್ತದೆ, ಅವಳು ಮುಂದಕ್ಕೆ ಹೋಗುತ್ತಿದ್ದರೂ ಕೂಡ. ಅವಳು ನಿಜವಾಗಿ ಎಷ್ಟು ಕಲಿತಿದ್ದಾಳೆ ಅಂತ ನೋಡಲು ಹೋಲಿಕೆ ಮಾಡದ ಮೂಲ ಅಂಕ ನೋಡಬೇಕು, ಅಥವಾ ಗ್ರೋತ್ ಸ್ಕೇಲ್ ವ್ಯಾಲ್ಯೂ ಅನ್ನುವ ಇನ್ನೊಂದು ಲೆಕ್ಕ. ಅದರಲ್ಲಿ ಅವಳು ಮೇಲಕ್ಕೇ ಹೋಗಿದ್ದಳು! ಹಾಗಾದರೆ ಅದನ್ನೂ ಅದೇ ಕಾಗದದಲ್ಲಿ ಯಾಕೆ ಬರೆಯಲಿಲ್ಲ? ಒಂದು ಸಾಲು ಸಾಕಿತ್ತು. ಬಿಡಿಸಿ ಹೇಳದೆ ಅಂಥ ಸಂಖ್ಯೆಯನ್ನು ಮನೆಗೆ ಕಳಿಸಿದ್ದು ದೊಡ್ಡ ತಪ್ಪು. ಅವರಿಗೆ ಹೇಳಿದ್ದೇನೆ, ಇಲ್ಲೂ ಹೇಳುತ್ತಿದ್ದೇನೆ.

ಇದು ಬರೀ ನಮ್ಮ ಸಂಕಟ ಆಗಿದ್ದರೆ ಒಂದು ಸ್ಟಾರ್ ಕಡಿಮೆ ಮಾಡುತ್ತಿರಲಿಲ್ಲ. ಔಷಧ ಗೆಲ್ಲುವುದು ಸೋಲುವುದು ಕೂಡ ಇಂಥ ಅಳತೆಯ ಮೇಲೇ ನಿಂತಿರುತ್ತದೆ. ಫ್ರಾಜೈಲ್ ಎಕ್ಸ್ ಅನ್ನುವ ಕಾಯಿಲೆಯ ಜೀನ್ ಸಿಕ್ಕಿದ್ದು 1991ರಲ್ಲಿ. ಅದಕ್ಕೆ ಅಂತ ಮಾಡಿದ ಔಷಧಗಳು ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದವು. ಜನರಲ್ಲಿ ಪರೀಕ್ಷೆ ಮಾಡಿದಾಗ ನಿಜವಾದ ಮಾತ್ರೆಗೂ ಔಷಧವೇ ಇಲ್ಲದ ಸುಳ್ಳು ಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ, 2014ರಲ್ಲಿ ಮ್ಯಾವೊಗ್ಲುರಂಟ್ ಅನ್ನುವ ಔಷಧದ ಕೆಲಸ ನಿಲ್ಲಿಸಿಬಿಟ್ಟರು. ಔಷಧವೇ ಕೆಲಸ ಮಾಡಲಿಲ್ಲವೋ, ದೊಡ್ಡವರಾದ ಮೇಲೆ ಕೊಟ್ಟಿದ್ದು ತಡವಾಯಿತೋ, ನಡತೆಯ ಪ್ರಶ್ನಾವಳಿಗೆ ಆ ಬದಲಾವಣೆ ಕಾಣಲಿಲ್ಲವೋ ಅಂತ ತಿಳಿದವರು ಆಮೇಲೂ ಚರ್ಚೆ ಮಾಡುತ್ತಲೇ ಇದ್ದರು. ಆ ಪ್ರಶ್ನಾವಳಿ ನಮ್ಮಲ್ಲೂ ಇದೆ, 58 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಅಂಕ ಜಾಸ್ತಿ ಇದ್ದಷ್ಟೂ ತೊಂದರೆ ಜಾಸ್ತಿ ಅಂತ. ಮಗು ಚೆನ್ನಾಗಿ ಮಲಗಿದ ವಾರ ತುಂಬಿದರೆ ಒಂದು ಅಂಕ, ಮಲಗದ ವಾರ ತುಂಬಿದರೆ ಇನ್ನೊಂದು. ಹೊಸ ಔಷಧ ಶುರುವಾಗಿದೆ ಅನ್ನುವ ಆಸೆಯಲ್ಲಿ ತುಂಬಿದರೆ ನಾನೂ ಕಡಿಮೆ ಅಂಕವೇ ಹಾಕುತ್ತಿದ್ದೆನೇನೋ, ಒಳಗೇನೂ ಬದಲಾಗದಿದ್ದರೂ.

ಫಿಟ್ಸ್ ಎಣಿಸುವುದು ಸುಲಭ ಅಂತ ಕಾಣುತ್ತದೆ ಅಲ್ವಾ? ಸಿಡಿಕೆಎಲ್5 ಅನ್ನುವ ಇನ್ನೊಂದು ಜೀನ್ ಕಾಯಿಲೆಗೆ ಗ್ಯಾನಾಕ್ಸೊಲೋನ್ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 101 ಜನರ ಪರೀಕ್ಷೆ ಅದು. ಔಷಧ ತೆಗೆದುಕೊಂಡವರಲ್ಲಿ ದೊಡ್ಡ ಫಿಟ್ಸ್ ಸುಮಾರು 31 ಶೇಕಡಾ ಇಳಿಯಿತು, ಸುಳ್ಳು ಔಷಧದವರಲ್ಲಿ 7 ಶೇಕಡಾ. ಅಲ್ಲಿ ಎಣಿಸಿದ್ದು ಕಣ್ಣಿಗೆ ಕಾಣುವ, ಮೈ ಕೊಡಹುವ ಫಿಟ್ಸ್. ನನ್ನ ಮಗಳ ರೆಪ್ಪೆ ಬಡಿತವನ್ನು ನಾನು ಡೈರಿಯಲ್ಲಿ ಎಣಿಸಲಿ ಹೇಗೆ? ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಐದು ಆಗಿರಬಹುದು. ದಿನಕ್ಕೆ 30 ಅಂತ ಬರೆದರೂ ಸುಳ್ಳು, 80 ಅಂತ ಬರೆದರೂ ಸುಳ್ಳು. ಈ ಅಧ್ಯಯನದಲ್ಲಿ ಡೈರಿಯ ಜೊತೆಗೆ ಇಇಜಿ ಮತ್ತು ವಿಡಿಯೊ ಎರಡನ್ನೂ ಇಟ್ಟುಕೊಂಡಿರುವುದು ಸರಿಯಾದ ಕೆಲಸ, ಇದಕ್ಕೆ ಪೂರ್ತಿ ಅಂಕ.

ಕಾಯುವ ಕೋಣೆಯ ಬಗ್ಗೆಯೂ ಬರೆಯಬೇಕು. ಅಲ್ಲಿ ಒಂದೊಂದು ಮನೆಯವರದ್ದು ಒಂದೊಂದು ಜೀನ್. ಒಬ್ಬ ಹುಡುಗನಿಗೆ ಡ್ರಾವೆಟ್ ಅನ್ನುವ ಕಠಿಣವಾದ ಫಿಟ್ಸ್ ಕಾಯಿಲೆ, ಎಸ್‌ಸಿಎನ್1ಎ ಜೀನ್. ಜೀನ್ ಗೊತ್ತಾಗುವ ಮೊದಲು ಅವನಿಗೆ ಕಾರ್ಬಮಾಜೆಪಿನ್ ಅನ್ನುವ ಫಿಟ್ಸ್ ಮಾತ್ರೆ ಕೊಡುತ್ತಿದ್ದರಂತೆ. ಆ ಜಾತಿಯ ಮಾತ್ರೆಗಳು ಸೋಡಿಯಂ ಚಾನೆಲ್ಲನ್ನು, ಅಂದರೆ ನರಕೋಶದೊಳಗೆ ಸೋಡಿಯಂ ಹೋಗುವ ದಾರಿಯನ್ನು, ತಡೆಯುತ್ತವೆ, ಡ್ರಾವೆಟ್‌ನಲ್ಲಿ ಆ ಚಾನೆಲ್ಲೇ ಮೊದಲೇ ಕಡಿಮೆ, ಹಾಗಾಗಿ ಫಿಟ್ಸ್ ಜಾಸ್ತಿ ಆಗುತ್ತದೆ. ರಿಪೋರ್ಟ್ ಬಂದಮೇಲೆ ಡಾಕ್ಟರೇ ಅದನ್ನು ನಿಧಾನಕ್ಕೆ ನಿಲ್ಲಿಸಿದರು. ಅವನಮ್ಮ ಇದನ್ನು ಹೇಳುವಾಗ ಗಂಟಲು ಕಟ್ಟಿತ್ತು. ಜೀನ್ ಹೆಸರು ಗೊತ್ತಾಗಿ ಏನಾಗಬೇಕು, ವಾಸಿ ಮಾಡಲು ಆಗಲ್ಲವಲ್ಲ ಅನ್ನುವವರು ಈ ಒಂದು ಮಾತು ಕೇಳಬೇಕು. (ಇದನ್ನು ಓದಿ ಯಾರೂ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆ ದಿಢೀರ್ ನಿಲ್ಲಿಸುವುದು ಅಪಾಯ. ಡಾಕ್ಟರನ್ನೇ ಕೇಳಿ.)

ಟ್ಯೂಬರಸ್ ಸ್ಕ್ಲೆರೋಸಿಸ್ ಅನ್ನುವ, ಫಿಟ್ಸ್ ಬರುವ ಇನ್ನೊಂದು ಜೀನ್ ಕಾಯಿಲೆ ಇರುವ ಮಗುವಿನ ಅಪ್ಪ ಒಬ್ಬರು ಕೇಳಿದ ಪ್ರಶ್ನೆ ನಮ್ಮೆಲ್ಲರದ್ದೂ ಹೌದು. "ಫಿಟ್ಸ್ ನಿಂತುಬಿಟ್ರೆ ಇವನು ಮಾತಾಡ್ತಾನಾ ಡಾಕ್ಟ್ರೇ?" ಡಾಕ್ಟರ್ ಮುಚ್ಚುಮರೆ ಮಾಡಲಿಲ್ಲ. ಆ ಕಾಯಿಲೆಯಲ್ಲಿ ಫಿಟ್ಸ್ ಶುರುವಾಗುವ ಮೊದಲೇ, ಇಇಜಿ ಕೆಟ್ಟ ತಕ್ಷಣ ವಿಗಾಬಾಟ್ರಿನ್ ಅನ್ನುವ ಫಿಟ್ಸ್ ಔಷಧ ಕೊಟ್ಟು ನೋಡಿದ್ದಾರೆ. 2021ರಲ್ಲಿ ಬಂದ ಎಪಿಸ್ಟಾಪ್ ಅನ್ನುವ ಪರೀಕ್ಷೆಯಲ್ಲಿ ಫಿಟ್ಸ್ ಕಡಿಮೆ ಆಯಿತು. 2023ರಲ್ಲಿ ಬಂದ ಪ್ರಿವೆಂಟ್ ಅನ್ನುವ ಇನ್ನೊಂದರಲ್ಲಿ, ಎರಡು ವರ್ಷದ ವಯಸ್ಸಿಗೆ ಬುದ್ಧಿ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಫಿಟ್ಸ್ ತಡೆಯಲೇಬೇಕು, ಆದರೆ ಜೀನ್ ಮಾಡುವ ಕೆಲಸ ಫಿಟ್ಸ್ ಒಂದರಲ್ಲೇ ಮುಗಿಯುವುದಿಲ್ಲ, ಆಟಿಸಂ ಮತ್ತು ಕಲಿಕೆಗೆ ಅದರದ್ದೇ ದಾರಿ ಇದೆ ಅಂದರು. ಕೇಳಲು ಕಷ್ಟವಾಯಿತು. ಆದರೂ ಸುಳ್ಳು ಭರವಸೆ ಕೊಡದ ಡಾಕ್ಟರನ್ನು ನಾನು ನಂಬುತ್ತೇನೆ.

ಉಳಿದ ದೂರುಗಳು ಸಣ್ಣವು, ಬೇಗ ಹೇಳಿಬಿಡುತ್ತೇನೆ. ಹುಟ್ಟಿದಾಗಿನ ತೂಕ, ಕತ್ತು ನಿಂತ ತಿಂಗಳು, ಇವನ್ನು ಏಳು ಭೇಟಿಯಲ್ಲಿ ನಾಲ್ಕು ಸಲ ಕೇಳಿದರು. ಮೊದಲ ಸಲದ್ದೇ ಫೈಲಿನಲ್ಲಿ ಇರಬೇಕಲ್ಲ. ನಾಲ್ಕನೆಯ ಭೇಟಿಯಲ್ಲಿ ರಕ್ತ ತೆಗೆಯಲು ಹೊಸಬರನ್ನು ಕಳಿಸಿದ್ದರು, ಮೂರು ಸಲ ಚುಚ್ಚಿದರೂ ಸಿಗಲಿಲ್ಲ. ನಾಲ್ಕನೆಯ ಸಲ ನಾನು ಬೇಡ ಅಂದೆ. ಬೇಡ ಅನ್ನಬಹುದು. ಅಧ್ಯಯನದಿಂದ ಯಾವಾಗ ಬೇಕಾದರೂ ಹೊರಗೆ ಬರಬಹುದು, ಅದಕ್ಕೆ ಚಿಕಿತ್ಸೆ ನಿಲ್ಲಿಸುವಂತಿಲ್ಲ ಅಂತ ಒಪ್ಪಿಗೆ ಪತ್ರದಲ್ಲೇ ಬರೆದಿರುತ್ತದೆ. ಅವರೂ ಮುಖ ಸಿಂಡರಿಸಲಿಲ್ಲ. ಇನ್ನೊಂದು, ಕೋಆರ್ಡಿನೇಟರ್ ಬದಲಾದಾಗ ನಮಗೆ ಯಾರೂ ತಿಳಿಸಲಿಲ್ಲ, ಎರಡು ತಿಂಗಳು ಹಳೆಯ ನಂಬರಿಗೇ ಮೆಸೇಜ್ ಹಾಕುತ್ತಿದ್ದೆ.

ರಕ್ತ ಯಾಕೆ ಬೇಕು ಅಂತ ಕೇಳಿದೆ. ರಕ್ತದ ಕೋಶಗಳನ್ನು ಕಾಂಡಕೋಶಗಳ (ಬೇರೆ ಬೇರೆ ಥರದ ಕೋಶವಾಗಿ ಬೆಳೆಯಬಲ್ಲ ಕೋಶಗಳ) ಸ್ಥಿತಿಗೆ ಹಿಂದಿರುಗಿಸಿ, ಅದರಿಂದ ನರಕೋಶ ಬೆಳೆಸುತ್ತಾರಂತೆ, ಗಾಜಿನ ತಟ್ಟೆಯಲ್ಲಿ. ಅವಳದ್ದೇ ಜೀನ್ ಇರುವ ನರಕೋಶ. ಅದರ ಮೇಲೆ ಔಷಧ ಹಾಕಿ ನೋಡಬಹುದು. ಇದು ನನಗೆ ಬಹಳ ಹಿಡಿಸಿತು. ಆದರೆ ಈ ಕೋಶ ಯಾರ ಕೈಗೆ ಹೋಗುತ್ತದೆ, ಕಂಪನಿಗೆ ಕೊಡುತ್ತಾರಾ, ಹೆಸರು ಇರುತ್ತದಾ, ನಾವು ಹೊರಗೆ ಬಂದರೆ ಅದನ್ನೇನು ಮಾಡುತ್ತಾರೆ ಅಂತ ಸಹಿ ಹಾಕುವ ಮೊದಲು ಕೇಳಿ. ನಾನು ಕೇಳಿದ್ದು ಎರಡನೆಯ ಭೇಟಿಯಲ್ಲಿ. ಹೆಸರು ತೆಗೆದು ನಂಬರ್ ಹಾಕುತ್ತಾರೆ, ಬೇರೆ ಸಂಶೋಧಕರಿಗೂ ಕೊಡಬಹುದು ಅಂದರು. ನಾನು ಒಪ್ಪಿದೆ. ನೀವು ಒಪ್ಪದೆಯೂ ಇರಬಹುದು, ಆ ಭಾಗಕ್ಕೆ ಬೇರೆ ಟಿಕ್ ಇರುತ್ತದೆ.

ಇನ್ನೂ ಎರಡು ಪ್ರಶ್ನೆ ಮೊದಲೇ ಕೇಳಿಟ್ಟುಕೊಳ್ಳಿ. ಇಇಜಿ ರಿಪೋರ್ಟ್ ಮತ್ತು ಅಂಕಗಳನ್ನು ನಮಗೆ ಕೊಡುತ್ತೀರಾ, ಎಷ್ಟು ದಿನದಲ್ಲಿ? ನಮಗೆ ಮೂರನೆಯ ಭೇಟಿಯ ಕಾಗದ ಬರಲು ಒಂಬತ್ತು ತಿಂಗಳು ಬೇಕಾಯಿತು. ಮಾತಿಲ್ಲದ ಮಗುವಿನ ಕಲಿಕೆಯನ್ನು ಹೇಗೆ ಅಳೆಯುತ್ತೀರಾ? ಇದನ್ನು ಕೇಳಿದಾಗ ಅವರು ಹೇಗೆ ಉತ್ತರ ಕೊಡುತ್ತಾರೆ ಅನ್ನುವುದರಲ್ಲೇ ಸುಮಾರು ಗೊತ್ತಾಗುತ್ತದೆ. ನಿಮ್ಮ ರಿಪೋರ್ಟ್‌ನಲ್ಲಿ ಜೀನ್ ಬದಲಾವಣೆಯ ಅರ್ಥ ಖಚಿತವಿಲ್ಲ ಅಂತ ಬಂದಿದ್ದರೆ, ಐದು ದರ್ಜೆಗಳಲ್ಲಿ ನಡುವಿನದು ಅದು, ಅಲ್ಲಿಗೇ ಕೈಬಿಡಬೇಡಿ. ವರ್ಷ ಎರಡು ವರ್ಷ ಬಿಟ್ಟು ಅದೇ ಡೇಟಾ ಮತ್ತೆ ನೋಡಿ ಅಂತ ಕೇಳಬಹುದು. ಹೊಸ ಮಕ್ಕಳ ಮಾಹಿತಿ ಸೇರುತ್ತಾ ಹೋದ ಹಾಗೆ ಉತ್ತರ ಬದಲಾಗುತ್ತದೆ.

ಅಂಕದ ವಿಷಯದಲ್ಲಿ ನಾನು ಮಾಡಿದ ಗಲಾಟೆ ಸುಮ್ಮನೆ ಹೋಗಲಿಲ್ಲ. ನನ್ನೊಬ್ಬಳಿಂದಲೇ ಆಯಿತು ಅನ್ನುವುದಿಲ್ಲ, ಬೇರೆ ಮನೆಯವರೂ ಹೇಳಿದ್ದಾರೆ. ಆರನೆಯ ಭೇಟಿಯಿಂದ ಕಾಗದದಲ್ಲಿ ಗ್ರೋತ್ ಸ್ಕೇಲ್ ಸಾಲು ಬರುತ್ತಿದೆ, ಪಕ್ಕದಲ್ಲಿ ಎರಡು ವಾಕ್ಯದ ವಿವರಣೆ ಕೂಡ. ಕಳೆದ ಸಲ ಹೊಸ ಕೋಆರ್ಡಿನೇಟರ್ ಒಂದು ಹಾಳೆ ಕೊಟ್ಟರು: ಮನೆಯಲ್ಲಿ ಮಗು ಏನಾದರೂ ಹೊಸದು ಮಾಡಿದ್ದು ಕಂಡರೆ ವಿಡಿಯೊ ತೆಗೆಯಿರಿ, ತಾರೀಖು ಬರೆಯಿರಿ, ಅದನ್ನೂ ಅಧ್ಯಯನಕ್ಕೆ ಸೇರಿಸಿಕೊಳ್ಳುತ್ತೇವೆ.

ಎಂಟನೆಯ ಭೇಟಿ ಮುಂದಿನ ತಿಂಗಳು. ವಿಡಿಯೊ ತೆಗೆದಿಟ್ಟಿದ್ದೇನೆ. ಹನ್ನೆರಡು ಸೆಕೆಂಡಿನದು, ಕೈ ಅಲುಗಾಡಿ ಅರ್ಧ ನೆಲವೇ ಬಂದಿದೆ. ಅವಳ ಬೆರಳುಗಳು ನನ್ನ ಮಣಿಕಟ್ಟು ಹಿಡಿಯುತ್ತವೆ, ಅಂಗೈ ಹಿಡಿಕೆಯ ಮೇಲೆ ಹೋಗುತ್ತದೆ, ಆಮೇಲೆ ಅವಳ ಮುಖ ಮೇಲಕ್ಕೆ ತಿರುಗುತ್ತದೆ.